ಹೆಪ್ಪಿಗಿಷ್ಟು ಉಳಿಸು

ಪುಟ್ಟಿ,

ಭಾನುವಾರ ರಾತ್ರಿ ಫೋನ್ ಮಾಡಿದವಳು ಊಟ ಆಯ್ತಾ ಅಂತಲೂ ಕೇಳಲಿಲ್ಲ. "ಚಿಕ್ಕಮ್ಮ, ಫ್ಲ್ಯಾಶ್‌ನಲ್ಲಿ ಜಾಗ ಸಾಲಲ್ಲ ಅಂತಿದೆ. ಹಳೇ ಇಮೇಜ್ ಡಿಲೀಟ್ ಮಾಡಿಬಿಡ್ಲಾ?" ಅಂದೆ. "ಇವತ್ತು ಏನೂ ಮುಟ್ಬೇಡ, ಬರೆದು ಕಳಿಸ್ತೀನಿ" ಅಂತ ನಾನು ಫೋನ್ ಇಟ್ಟೆ. ಹೂಂ ಅಂದರೆ ಮುಗಿಯುವ ಮಾತಿಗೆ ಚಿಕ್ಕಮ್ಮ ಪುರಾಣ ತೆಗೆದಳಲ್ಲ ಎಂದು ನಿನಗೆ ಬೇಸರವಾಗಿರಬೇಕು. ಆಗಲಿ ಬಿಡು. ಇಪ್ಪತ್ತಾರು ವರ್ಷ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಂಡವಳು ನಾನು. ಇದೇ ಪ್ರಶ್ನೆಗೆ ನನಗೆ ನಾನೇ ಅವಸರದಲ್ಲಿ ಹೂಂ ಅಂದುಕೊಂಡು ಪಟ್ಟ ಪಾಡು ಇನ್ನೂ ಮರೆತಿಲ್ಲ.

ಮೊದಲು ಒಂದು ಮಾತು ಕೇಳುತ್ತೇನೆ. ಜಾಗ ತಿಂದಿರುವುದು ಹಳೆಯ ಇಮೇಜೇ ಎಂದು ನಿನಗೆ ಹೇಗೆ ಗೊತ್ತಾಯಿತು? ಫೋನ್ ಇಡುವ ಮುಂಚೆ, ಒಳಗೆ ಏನೇನಿದೆ ಎಂದು ಪಟ್ಟಿ ತೆಗೆದು ನೋಡಿದೆಯಾ ಎಂದು ಕೇಳಿದ್ದಕ್ಕೆ ನೀನು ಸುಮ್ಮನಾದೆ. ಕಣಜದ ಬಾಗಿಲು ತೆಗೆಯದೆ ಭತ್ತ ಮಾರಲು ಹೊರಟ ಹಾಗಾಯಿತು ಇದು.

ನಿನ್ನ ಗೋದಾಮಿನ ಚಾವಣಿಯಲ್ಲಿ ಕೂತಿರುವ ಆ ನಲವತ್ತು ವೈಫೈ ಪೆಟ್ಟಿಗೆಗಳು ಸಿಸ್ಕೊ ಏರೋನೆಟ್ 1240 ಸರಣಿಯವು ಅಂದೆಯಲ್ಲ. ಕಂಟ್ರೋಲರ್‌ನ ಹಂಗಿಲ್ಲದೆ ತಮ್ಮ ಪಾಡಿಗೆ ತಾವು ನಡೆಯುವ ಅಟಾನಮಸ್ ಜಾತಿ. ಒಂದೊಂದರಲ್ಲೂ ಇರುವ ಫ್ಲ್ಯಾಶ್ 16 ಎಂಬಿ ಮಾತ್ರ. ನಿನ್ನ ಫೋನಿನಲ್ಲಿ ತೆಗೆದ ನಾಲ್ಕೈದು ಫೋಟೊ ಅಲ್ಲಿ ಹಿಡಿಸುವುದು ಕಷ್ಟ. ಅಷ್ಟರಲ್ಲೇ ಆಪರೇಟಿಂಗ್ ಸಿಸ್ಟಮ್ (ಅದರ ಕಡತವನ್ನೇ ಇಮೇಜ್ ಅನ್ನುವುದು), ಸೆಟ್ಟಿಂಗು, ಗುಟ್ಟಿನ ಕೀಲಿಗಳು ಎಲ್ಲ ಸಂಸಾರ ಮಾಡಬೇಕು. ಚಿಕ್ಕ ಮನೆಯಲ್ಲಿ ಒಂದೊಂದು ಪಾತ್ರೆಗೂ ಜಾಗ ಗೊತ್ತಿರಬೇಕಾಗುತ್ತದೆ.

ಹಾಗಾಗಿ ಮೊದಲು 'ಡೈರ್ ಫ್ಲ್ಯಾಶ್' ಕೊಡು. ಕೊಟ್ಟ ಮೇಲೆ ಕೊನೆಯ ಸಾಲಿಗೆ ಹಾರಿ 'ಬೈಟ್ಸ್ ಫ್ರೀ' ಎಷ್ಟು ಎಂದಷ್ಟೇ ನೋಡುವುದು ನಿನ್ನ ವಯಸ್ಸಿನವರ ಅಭ್ಯಾಸ. ಹಾಗೆ ಮಾಡಬೇಡ, ಮೇಲಿಂದ ಓದಿಕೊಂಡು ಬಾ. ಸಾಲಿನ ಆರಂಭದ ಸಂಖ್ಯೆಯ ಪಕ್ಕದಲ್ಲಿ 'ಡಿ' ಅಕ್ಷರವಿದ್ದರೆ ಅದು ಡೈರೆಕ್ಟರಿ, ಇಲ್ಲದಿದ್ದರೆ ಬಿಡಿ ಕಡತ. ಸಿ1240-ಕೆ9ಡಬ್ಲ್ಯೂ7 ಎಂದು ಹೆಸರು ಶುರುವಾಗುವ ಡೈರೆಕ್ಟರಿಯೇ ಇಮೇಜಿನ ಮನೆ. ಆ ಡಬ್ಲ್ಯೂ7 ಎಂಬುದನ್ನು ಕಣ್ಣಿಟ್ಟು ನೋಡು. 7 ಇದ್ದರೆ ಅಟಾನಮಸ್, 8 ಇದ್ದರೆ ಕಂಟ್ರೋಲರ್‌ನ ಕೈಕೆಳಗೆ ನಡೆಯುವಂಥದ್ದು. ಒಂದು ಅಂಕಿ ತಪ್ಪಿದರೆ ಬೆಳಿಗ್ಗೆ ಆ ಪೆಟ್ಟಿಗೆ ಇಲ್ಲದ ಕಂಟ್ರೋಲರನ್ನು ಹುಡುಕುತ್ತಾ ಕೂತಿರುತ್ತದೆ, ನೀನು ಕಾರಣ ಹುಡುಕುತ್ತಾ ಕೂತಿರುತ್ತೀ.

ಆ ಡೈರೆಕ್ಟರಿಯ ಒಳಗೆ ಇಮೇಜಿನ ಜೊತೆಗೆ ವೆಬ್ ಪುಟಗಳ ಎಚ್‌ಟಿಎಂಎಲ್ ಕಡತಗಳೂ 'ಇನ್ಫೊ' ಎಂಬ ಪುಟ್ಟ ಕಡತವೂ ಇರುತ್ತವೆ. ಹೊರಗೆ 'ಕಾನ್ಫಿಗ್ ಡಾಟ್ ಟೆಕ್ಸ್ಟ್' ಇರುತ್ತದೆ. ನೀನು ಸೇವ್ ಮಾಡಿದ ಸೆಟ್ಟಿಂಗ್ ಅಷ್ಟೂ ಅದೇ. ಪಕ್ಕದಲ್ಲಿ ಗುಟ್ಟಿನ ಕೀಲಿಗಳ 'ಪ್ರೈವೇಟ್ ಕಾನ್ಫಿಗ್'. ಇನ್ನೊಂದು 'ಎನ್ವ್ ವಾರ್ಸ್', ಎದ್ದೇಳುವಾಗ ಯಾವ ಇಮೇಜನ್ನು ಹುಡುಕಬೇಕು ಎಂಬ ಮಾತು ಅದರಲ್ಲಿದೆ. ಗಾತ್ರ ನೋಡಿದರೆ ನೂರಿನ್ನೂರು ಬೈಟು, ಕಸ ಅನ್ನಿಸುತ್ತದೆ. ಕಸ ಗುಡಿಸುವ ಉತ್ಸಾಹದಲ್ಲಿ ಅದನ್ನು ಗುಡಿಸಬೇಡ. ನಿಜವಾದ ಕಸ ಬೇರೆ ಇದೆ: ಹಿಂದೆ ಯಾರೋ ಅರ್ಧಕ್ಕೆ ಬಿಟ್ಟ ಅಪ್‌ಗ್ರೇಡಿನ ಮುರುಕು ಡೈರೆಕ್ಟರಿ, ಪೆಟ್ಟಿಗೆ ಬಿದ್ದೆದ್ದಾಗ ಬರೆದಿಟ್ಟ ಕ್ರ್ಯಾಶ್ ಕಡತಗಳು. ನನ್ನ ಊಹೆಯ ಪ್ರಕಾರ ನಿನ್ನ ಜಾಗ ತಿಂದಿರುವುದು ಇವೇ.

ತಾರೀಖನ್ನು ಮಾತ್ರ ನಂಬಿ ಮೋಸ ಹೋಗಬೇಡ. ಈ ಜಾತಿಯ ಸಾಧನಗಳಲ್ಲಿ ಕೈಗಡಿಯಾರದ ಹಾಗೆ ಬ್ಯಾಟರಿ ಇರುವುದಿಲ್ಲ. ಸಮಯ ಹೇಳುವವರು ಇಲ್ಲದಿದ್ದರೆ ಎದ್ದಾಗಲೆಲ್ಲ ಯಾವುದೋ ಹಳೆಯ ವರ್ಷದ ಮಾರ್ಚ್ 1ರಿಂದಲೇ ಎಣಿಕೆ ಶುರು. ಸಿಸ್ಕೊದ ಐಒಎಸ್ ಓಡುವ ಎಷ್ಟೋ ಸ್ವಿಚ್‌ಗಳಲ್ಲಿ ನಿನ್ನೆ ಬರೆದ ಕಡತದ ಮೇಲೂ 1993ರ ಮಾರ್ಚ್ 1 ಎಂದಿರುವುದನ್ನು ನೋಡಿದ್ದೇನೆ. ಹಳೆಯದು ಯಾವುದು ಹೊಸದು ಯಾವುದು ಎಂದು ತಾರೀಖು ನೋಡಿ ತೀರ್ಮಾನಿಸಿದೆಯೋ, ಕೆಟ್ಟೆ. ಹೆಸರಿನಲ್ಲಿರುವ ಆವೃತ್ತಿಯ ಸಂಖ್ಯೆ ನೋಡು. ನಲವತ್ತಕ್ಕೂ ಸಮಯ ಹೇಳುವ ಎನ್‌ಟಿಪಿ ಸರ್ವರಿನ ವಿಳಾಸ ಕೊಡು, ಮುಂದೆ ಬರುವವರಾದರೂ ಬದುಕಿಕೊಳ್ಳಲಿ.

ಈಗ ನನ್ನ ಕಥೆ. ಹಾಸ್ಟೆಲಿನ ಎರಡನೇ ಮಹಡಿ, ಶನಿವಾರ ಸಂಜೆ. ಮೆಟ್ಟಿಲ ಪಕ್ಕದ ಮೂಲೆಯಲ್ಲಿ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಕೆಲಸ ಮಾಡುತ್ತಿದ್ದೆ. ಇದೇ ಥರದ ಪೆಟ್ಟಿಗೆ, ಇದೇ 'ಜಾಗ ಸಾಲದು'. ಹಳೆಯ ಇಮೇಜಿನ ಡೈರೆಕ್ಟರಿಗೆ 'ಡಿಲೀಟ್', ಅದರ ಜೊತೆ 'ರಿಕರ್ಸಿವ್', 'ಫೋರ್ಸ್' ಎರಡೂ ಸೇರಿಸಿ ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವುದರಲ್ಲಿ ಹೋಯಿತು. ಹೊಸದನ್ನು ಲ್ಯಾಪ್‌ಟಾಪಿನಿಂದ ಟಿಎಫ್‌ಟಿಪಿ ಮೂಲಕ ಎಳೆಯಲು ಹೇಳಿದೆ. ಪರದೆ ಮೇಲೆ ಆಶ್ಚರ್ಯಸೂಚಕ ಚಿಹ್ನೆಗಳು ಸಾಲುಗಟ್ಟಿ ಬರುತ್ತಿದ್ದವು, ಅವು ಬರುತ್ತಿದ್ದರೆ ಕಡತ ಬರುತ್ತಿದೆ ಎಂದು ಅರ್ಥ. ಅಷ್ಟರಲ್ಲಿ ವಾರ್ಡನ್ ಕರೆದರು, ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋದೆ. ಮುಚ್ಚಿದರೆ ಅದು ನಿದ್ದೆ ಹೋಗುತ್ತದೆ ಎಂಬುದು ಆ ಕ್ಷಣಕ್ಕೆ ನೆನಪಾಗಲಿಲ್ಲ. ವಾಪಸು ಬಂದಾಗ 'ಟೈಮ್ಡ್ ಔಟ್' ಎಂದಿತ್ತು.

ಪುಟ್ಟಿ, ಇಲ್ಲೇ ನೋಡು ಮೋಸ ಇರುವುದು. ವೈಫೈ ನಡೆಯುತ್ತಲೇ ಇತ್ತು! ಹುಡುಗಿಯರು ಕಾರಿಡಾರಿನಲ್ಲಿ ವಿಡಿಯೊ ನೋಡುತ್ತಾ ಓಡಾಡುತ್ತಿದ್ದರು. ಏಕೆಂದರೆ ಎದ್ದೇಳುವಾಗ ಇಮೇಜು ಬಿಚ್ಚಿಕೊಂಡು ರ‍್ಯಾಮ್‌ಗೆ ಏರುತ್ತದೆ. ಆಮೇಲೆ ಫ್ಲ್ಯಾಶ್‌ನಲ್ಲಿ ಅದು ಇದ್ದರೂ ಇಲ್ಲದಿದ್ದರೂ ನಡೆಯುತ್ತಿರುವ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಬೇರು ಕಡಿದ ಮರದಲ್ಲೂ ಎಲೆ ಎರಡು ದಿನ ಹಸಿರಾಗಿರುವ ಹಾಗೆ. ಎಲೆ ನೋಡಿ ನಾನು "ಸೋಮವಾರ ಬಂದು ಮುಗಿಸಿದರಾಯಿತು" ಎಂದು ಮನೆಗೆ ಹೋದೆ. ಆ ರಾತ್ರಿ ಗುಡುಗು ಮಳೆ. ಕರೆಂಟ್ ಹೋಯಿತು, ಬಂತು. ಆ ಪೆಟ್ಟಿಗೆಗೆ ಕರೆಂಟ್ ಬರುತ್ತಿದ್ದದ್ದು ಗೋಡೆಯ ಪ್ಲಗ್ಗಿಗೆ ಚುಚ್ಚಿದ ಇಂಜೆಕ್ಟರಿನಿಂದ, ಯುಪಿಎಸ್ ಇರಲಿಲ್ಲ. ಬೆಳಿಗ್ಗೆ ವಾರ್ಡನ್ ಫೋನ್: "ಮೇಡಂ, ವೈಫೈ ಸತ್ತಿದೆ. ಸೋಮವಾರ ಮಕ್ಕಳದ್ದು ಆನ್‌ಲೈನ್ ಪರೀಕ್ಷೆ ಇದೆ."

ಭಾನುವಾರ ಏಣಿ ಹತ್ತಿ ಕನ್ಸೋಲ್ ಕೇಬಲ್ ಹಾಕಿದರೆ ಕಂಡದ್ದು 'ಎಪಿ' ಎಂಬ ಎರಡಕ್ಷರ, ಅದರ ಮುಂದೊಂದು ಕೋಲನ್. ಅಂದರೆ ಬೂಟ್‌ಲೋಡರ್. ಎದ್ದಿದೆ, ಆದರೆ ಏಳಿಸಬೇಕಾದ ಇಮೇಜು ಸಿಗದೆ ಹೊಸಿಲ ಮೇಲೆ ಕೂತಿದೆ. ಆಮೇಲೆ ಮಾಡಿದ್ದನ್ನು ಬರೆದುಕೋ, ಒಂದು ದಿನ ಬೇಕಾಗುತ್ತದೆ. ಲ್ಯಾಪ್‌ಟಾಪಿಗೆ 10.0.0.2 ವಿಳಾಸ ಕೊಟ್ಟು ನೇರ ಕೇಬಲ್ ಎಳೆ. ಇಮೇಜಿನ ಟಾರ್ ಕಡತಕ್ಕೆ 'ಸಿ1240-ಕೆ9ಡಬ್ಲ್ಯೂ7-ಟಾರ್ ಡಾಟ್ ಡೀಫಾಲ್ಟ್' ಎಂದು ಹೆಸರಿಟ್ಟು ಟಿಎಫ್‌ಟಿಪಿ ಸರ್ವರಿನ ಫೋಲ್ಡರಿನಲ್ಲಿ ಹಾಕು. ಪೆಟ್ಟಿಗೆಯ ಮೋಡ್ ಬಟನ್ ಒತ್ತಿ ಹಿಡಿದೇ ಕರೆಂಟ್ ಕೊಡು. ಬಟನನ್ನು ಒಂದೆರಡು ಸೆಕೆಂಡಿಗೆ ಬಿಟ್ಟರೆ ಬರೀ ಸೆಟ್ಟಿಂಗ್ ಅಳಿಯುತ್ತದೆ. ಇಪ್ಪತ್ತು ಮೂವತ್ತು ಸೆಕೆಂಡು, ದೀಪ ಕೆಂಪಾಗುವವರೆಗೆ ಹಿಡಿದರೆ ಅದು ತನಗೆ ತಾನೇ 10.0.0.1 ಎಂದು ವಿಳಾಸ ಇಟ್ಟುಕೊಂಡು "ಯಾರಾದರೂ ಇಮೇಜ್ ಕೊಡಿ" ಎಂದು ಕೂಗತೊಡಗುತ್ತದೆ.

ನನ್ನದು ಕೂಗಿತು, ಯಾರೂ ಕೊಡಲಿಲ್ಲ. ಒಂದು ಗಂಟೆ ತಲೆ ಚಚ್ಚಿಕೊಂಡ ಮೇಲೆ ತಿಳಿಯಿತು: ವಿಂಡೋಸ್ ಕಡತದ ಬಾಲವನ್ನು ಮುಚ್ಚಿಡುತ್ತದೆ, ನಾನಿಟ್ಟ ಹೆಸರಿನ ಹಿಂದೆ ಇನ್ನೊಂದು 'ಟಾರ್' ಅಂಟಿಕೊಂಡೇ ಇತ್ತು. ಅದು ಸರಿಹೋದರೆ ಲ್ಯಾಪ್‌ಟಾಪಿನ ಫೈರ್‌ವಾಲ್ 69ನೇ ಪೋರ್ಟಿನ ಬಾಗಿಲು ಹಾಕಿಕೊಂಡಿತ್ತು. ಎಲ್ಲ ಮುಗಿಸಿ ಏಣಿ ಇಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ಮರುದಿನ ಪರೀಕ್ಷೆ ನಡೆಯಿತು. ನನ್ನನ್ನು ಯಾರೂ ಬೈಯಲಿಲ್ಲ, ಕಾರಣ ಕೇಳಿದವರಿಗೆಲ್ಲ "ಗುಡುಗಿಗೆ ಹೋಯ್ತು" ಅಂದಿದ್ದೆ. ಆ ಸುಳ್ಳು ಮೊದಲ ಸಲ ಒಪ್ಪಿಕೊಳ್ಳುತ್ತಿರುವುದು ನಿನ್ನ ಮುಂದೆ.

ಈಗ ನಿನ್ನ ಅಜ್ಜಿಯನ್ನು ನೆನೆಸಿಕೋ. ಮನೆಗೆ ಎಷ್ಟೇ ಜನ ಬರಲಿ, ಮೊಸರಿನ ಪಾತ್ರೆ ಊಟದ ಮನೆಗೆ ಹೋಗುವ ಮುಂಚೆ ಒಂದು ಚಮಚ ತೆಗೆದು ಚಿಕ್ಕ ಬಟ್ಟಲಿನಲ್ಲಿಟ್ಟು ಮುಚ್ಚುತ್ತಿದ್ದಳು. ಹೆಪ್ಪಿಗೆ. ನೆಂಟರು ಇನ್ನಷ್ಟು ಮೊಸರು ಕೇಳಿದರೂ ಆ ಬಟ್ಟಲು ಹೊರಗೆ ಬರುತ್ತಿರಲಿಲ್ಲ. ಮರುದಿನದ ಮೊಸರು ಗಟ್ಟಿಯಾಗಿ ಕೂತದ್ದನ್ನು ಕಂಡ ಮೇಲೆ ಹಳೆಯ ಬಟ್ಟಲನ್ನು ತೊಳೆಯಲು ಹಾಕುತ್ತಿದ್ದಳು. ಹಳೆಯ ಇಮೇಜು ಎಂದರೆ ಹೆಪ್ಪು, ಪುಟ್ಟಿ. ನಾನು ಅವತ್ತು ಬಟ್ಟಲು ಬಳಿದು ತಿಂದು ಹಾಲಿಗೆ ಏನು ಹಾಕಲಿ ಎಂದು ಹುಡುಕುತ್ತಿದ್ದೆ.

ಅಜ್ಜಿಯ ಕ್ರಮವನ್ನೇ ಇಟ್ಟುಕೋ. ಪಟ್ಟಿ ನೋಡಿದ ಮೇಲೆ ಮೊದಲು ಕಾನ್ಫಿಗನ್ನು ಹೊರಗೆ ಪ್ರತಿ ತೆಗೆ. ಸಾಧ್ಯವಾದರೆ ಈಗಿರುವ ಇಮೇಜನ್ನೂ ತೆಗೆದಿಡು, ಹಳೆಯ ಮಾದರಿಗಳ ಇಮೇಜು ಬೇಕಾದಾಗ ಸಿಕ್ಕೇ ಸಿಗುತ್ತದೆ ಎಂದು ಹೇಳಲಾಗದು. ಆಮೇಲೆ ಮುರುಕು ಡೈರೆಕ್ಟರಿ, ಕ್ರ್ಯಾಶ್ ಕಡತ ಇದ್ದರೆ ತೆಗೆ. ಈ ಪೆಟ್ಟಿಗೆಯಲ್ಲಿ ಅಳಿಸಿದ್ದು ಹೋಯಿತು ಎಂದೇ ಲೆಕ್ಕ. ಕೆಲವು ಹಳೆಯ ರೂಟರುಗಳಲ್ಲಿ ಡಿಲೀಟ್ ಅಂದರೆ ಬರೀ ಗುರುತು ಹಾಕುವುದು, 'ಸ್ಕ್ವೀಜ್' ಎಂದು ಹೇಳಿದಾಗಷ್ಟೇ ಜಾಗ ಬಿಡುಗಡೆಯಾಗುತ್ತಿತ್ತು, ನಡುವೆ 'ಅನ್‌ಡಿಲೀಟ್' ಅನ್ನಲು ಅವಕಾಶವಿತ್ತು. ಆ ಔದಾರ್ಯ ಇಲ್ಲಿಲ್ಲ. ಆದ್ದರಿಂದ ಡಿಲೀಟ್ ಟೈಪು ಮಾಡಿದ ಮೇಲೆ ಕೀಬೋರ್ಡಿನಿಂದ ಕೈ ತೆಗೆದು ಹೆಸರನ್ನು ಬಾಯಿಬಿಟ್ಟು ಓದು. 'ಫೋರ್ಸ್' ಹಾಕಬೇಡ. ಅದು "ಖಚಿತವಾ?" ಎಂದು ಕೇಳುವುದು ನಿನ್ನ ಒಳ್ಳೆಯದಕ್ಕೇ.

ಹೊಸ ಟಾರ್ ಕಡತದ ಎಂಡಿ5 ಅಂದರೆ ಆ 32 ಅಕ್ಷರಗಳ ಗುರುತನ್ನು ಲ್ಯಾಪ್‌ಟಾಪಿನಲ್ಲೇ, ತಯಾರಕರು ಕೊಟ್ಟದ್ದರೊಂದಿಗೆ ತಾಳೆ ನೋಡು. ಅದು ಸರಿ ಇದ್ದರೆ 'ಆರ್ಕೈವ್ ಡೌನ್‌ಲೋಡ್' ಕೊಡು, 'ಲೀವ್ ಓಲ್ಡ್' ಎಂಬ ಆಯ್ಕೆಯೊಂದಿಗೆ. ಹೆಸರೇ ಹೇಳುತ್ತದೆ, ಹಳೆಯದನ್ನು ಬಿಡು ಎಂದು. ಎರಡಕ್ಕೂ ಜಾಗವಿಲ್ಲದಿದ್ದರೆ ಅದು ಕೆಲಸ ನಿಲ್ಲಿಸಿ ಹೇಳುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. 'ಓವರ್‌ರೈಟ್' ಎಂಬ ಇನ್ನೊಂದು ಆಯ್ಕೆ ಇದೆ, ಅದರ ಸಹವಾಸ ಬೇಡ. ಜಾಗ ಸ್ವಲ್ಪದರಲ್ಲೇ ತಪ್ಪಿದರೆ ವೆಬ್ ಪುಟಗಳನ್ನು ಬಿಟ್ಟು ಇಮೇಜನ್ನಷ್ಟೇ ತರುವ 'ಇಮೇಜ್ ಓನ್ಲಿ' ಇದೆ, ಕಮಾಂಡ್ ಬರೆಯುವ ನಿನಗೆ ಆ ಪುಟಗಳೇಕೆ? ಅದಕ್ಕೂ ಬಗ್ಗದಿದ್ದರೆ ಆ ಪೆಟ್ಟಿಗೆಯನ್ನು ಚಾವಣಿಯಿಂದ ಇಳಿಸಿ ಮೇಜಿಗೆ ತಾ. ಯುಪಿಎಸ್ ಮೇಲಿಡು, ಮೇಲೆ ಹೇಳಿದ 10.0.0.2 ಏರ್ಪಾಡನ್ನು ಮೊದಲೇ ಸಿದ್ಧ ಮಾಡಿಕೋ, ಆಮೇಲೆ ಬೇಕಾದರೆ ಹಳೆಯದನ್ನು ತೆಗೆ. ಆಗ ಹೆಪ್ಪು ಮನೆಯಲ್ಲಿಲ್ಲದಿದ್ದರೂ ಪಕ್ಕದ ಮನೆಯಲ್ಲಿದೆ.

ಬಂದ ಮೇಲೆ 'ವೆರಿಫೈ' ಹೇಳಿ ಒಳಗಿನ ಇಮೇಜಿನ ಎಂಡಿ5 ಬರೆದುಕೋ. ನಲವತ್ತರಲ್ಲೂ ಒಂದೇ ಬರಬೇಕು. ಮೂವತ್ತೊಂಬತ್ತು ಒಂದು, ಒಂದು ಬೇರೆ ಎಂದಾದರೆ ಅದನ್ನು ರೀಬೂಟ್ ಮಾಡುವ ಮುನ್ನವೇ ತಪ್ಪು ಹಿಡಿದೆ ಎಂದು ಲೆಕ್ಕ. 'ಶೋ ಬೂಟ್' ಕೊಟ್ಟು ಮುಂದಿನ ಸಲ ಯಾವ ಇಮೇಜಿನಿಂದ ಏಳಲಿದೆ ಎಂದು ನೋಡು. ಆಮೇಲೆ ರೀಲೋಡ್.

ಅಂದಹಾಗೆ ಕರೆಂಟಿನ ಬಗ್ಗೆ ಇಷ್ಟು ಹೆದರುವುದೇಕೆ ಎನ್ನಬಹುದು. ಫ್ಲ್ಯಾಶ್‌ನ ಸ್ವಭಾವವೇ ಹಾಗೆ. ಜಪಾನಿನ ತೊಶಿಬಾದಲ್ಲಿದ್ದ ಫುಜಿಯೊ ಮಸುಒಕ ಎಂಬವರು ಇದನ್ನು 1984ರಲ್ಲಿ ಲೋಕಕ್ಕೆ ತೋರಿಸಿದರು. ಒಂದು ಗುಂಪನ್ನು ಒಟ್ಟಿಗೆ ಅಳಿಸುವ ರೀತಿ ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ ಹಾಗಿದೆ ಎಂದು ಅವರ ಸಹೋದ್ಯೋಗಿ ಹೇಳಿದ್ದರಿಂದ ಆ ಹೆಸರು ಬಂತಂತೆ. ನಾನು ಹೊಸಬರಿಗೆ ಪಾಟಿಯ ಉದಾಹರಣೆ ಕೊಡುತ್ತಿದ್ದೆ. ಬಳಪದಲ್ಲಿ ಒಂದೊಂದೇ ಅಕ್ಷರ ಬರೆಯಬಹುದು, ಅಳಿಸುವಾಗ ಮಾತ್ರ ಒದ್ದೆ ಬಟ್ಟೆ ಇಡೀ ಪಾಟಿಯ ಮೇಲೆ ಹೋಗುತ್ತದೆ. ಒಂದು ಅಕ್ಷರ ತಿದ್ದಬೇಕಾದರೂ ಉಳಿದದ್ದನ್ನೆಲ್ಲ ಬೇರೆಲ್ಲೋ ಬರೆದಿಟ್ಟುಕೊಂಡು, ಪಾಟಿ ಒರೆಸಿ, ಮತ್ತೆ ಬರೆಯಬೇಕು. ಒರೆಸಿ ಬರೆಯುವ ನಡುವೆ ಕರೆಂಟ್ ಹೋದರೆ ಕೈಯಲ್ಲಿ ಖಾಲಿ ಪಾಟಿ. ಒರೆಸುವುದಕ್ಕೂ ಮಿತಿಯಿದೆ, ಇಂಥ ಚಿಪ್‌ಗಳಲ್ಲಿ ಒಂದು ಲಕ್ಷ ಸಲದ ಆಸುಪಾಸು. ಹಾಗಾಗಿ ನಿಮಿಷಕ್ಕೊಮ್ಮೆ ಲಾಗ್ ಬರೆಯುವ ಕೆಲಸವನ್ನು ಫ್ಲ್ಯಾಶ್‌ಗೆ ಹಚ್ಚಬೇಡ, ಸಿಸ್‌ಲಾಗ್ ಸರ್ವರಿಗೆ ಕಳಿಸು.

ಮನೆಯಲ್ಲಿ ನೀನು ಓಪನ್‌ಡಬ್ಲ್ಯೂಆರ್‌ಟಿ ಹಾಕಿಕೊಂಡ ರೂಟರಿನಲ್ಲೂ ಇದೇ ಪಾಟಿ, ಲೆಕ್ಕ ಮಾತ್ರ ಬೇರೆ. ಅಲ್ಲಿ ಮೂಲ ವ್ಯವಸ್ಥೆ ಒತ್ತಿ ಕಟ್ಟಿದ ಗಂಟು, ಬಿಚ್ಚುವಂತಿಲ್ಲ. ನೀನು ಮಾಡುವ ಬದಲಾವಣೆಗಳೆಲ್ಲ ಅದರ ಮೇಲೆ ಹಾಸಿದ ಇನ್ನೊಂದು ಪದರದಲ್ಲಿ ಕೂರುತ್ತವೆ. ಹಾಗಾಗಿ ಮೂಲದಲ್ಲಿ ಬಂದ ಕಡತವೊಂದನ್ನು ಅಳಿಸಿದರೆ ಜಾಗ ಉಳಿಯುವುದಿಲ್ಲ, 'ಇದು ಅಳಿದಿದೆ' ಎಂಬ ಚೀಟಿಗೆ ಇನ್ನಷ್ಟು ಜಾಗ ಹೋಗುತ್ತದೆ. ಟೆಂಪ್ ಫೋಲ್ಡರಿನಲ್ಲಿ ಇಟ್ಟದ್ದು ರ‍್ಯಾಮ್‌ನಲ್ಲಿದೆ, ರೀಬೂಟ್ ಆದರೆ ಗಾಳಿಗೆ.

ಇನ್ನೆರಡು ಮಾತು. ಹೊರಗೆ ತೆಗೆದ ಕಾನ್ಫಿಗ್ ಪ್ರತಿಯನ್ನು ಡೆಸ್ಕ್‌ಟಾಪಿನಲ್ಲೋ ವಾಟ್ಸಾಪ್ ಗುಂಪಿನಲ್ಲೋ ಎಸೆಯಬೇಡ. ಅದರಲ್ಲಿ ವೈಫೈ ಪಾಸ್‌ವರ್ಡು, ರೇಡಿಯಸ್ ಸರ್ವರಿನ ಗುಟ್ಟು ಎಲ್ಲ ಇರುತ್ತದೆ. '7' ಎಂಬ ಅಂಕಿಯ ಮುಂದೆ ಅರ್ಥವಾಗದ ಅಕ್ಷರಗಳಿವೆ, ಸುಭದ್ರ ಅಂದುಕೊಳ್ಳಬೇಡ. ಅದು ತೆಳು ಪರದೆ, ಗೊತ್ತಿದ್ದವರು ಕ್ಷಣದಲ್ಲಿ ಸರಿಸುತ್ತಾರೆ. ಟಿಎಫ್‌ಟಿಪಿ ಕೂಡ ಅಷ್ಟೇ, ಪಾಸ್‌ವರ್ಡ್ ಕೇಳುವುದಿಲ್ಲ, ಗುಟ್ಟು ಕಾಯುವುದಿಲ್ಲ. ಕಾನ್ಫಿಗ್ ಸಾಗಿಸುವುದಕ್ಕೆ ಎಸ್‌ಸಿಪಿ ಬಳಸು. ಹಾಗೆಯೇ ಹಳೆಯ ಪೆಟ್ಟಿಗೆಗಳನ್ನು ಗುಜರಿಗೆ ಹಾಕುವ ದಿನ ಅವುಗಳ ಕಾನ್ಫಿಗ್ ಅಳಿಸದೆ ಗೇಟು ದಾಟಿಸಬೇಡ.

ಎರಡನೆಯದು, ದೂರದಿಂದ ಸೆಟ್ಟಿಂಗ್ ಬದಲಿಸುವಾಗ. ನೀನು ಬದಲಿಸಿದ್ದು ರ‍್ಯಾಮ್‌ನಲ್ಲಿ ಜಾರಿಗೆ ಬರುತ್ತದೆ, ಸೇವ್ ಮಾಡುವವರೆಗೆ ಫ್ಲ್ಯಾಶ್‌ನಲ್ಲಿ ಹಳೆಯದೇ ಇರುತ್ತದೆ. ಇದು ದೋಷವಲ್ಲ, ವರ. ಅಪಾಯದ ಕೆಲಸಕ್ಕೆ ಮುನ್ನ 'ರೀಲೋಡ್ ಇನ್ 10' ಎಂದು ಹೇಳಿಡು. ನೀನೇ ನಿನ್ನ ದಾರಿ ಮುಚ್ಚಿಕೊಂಡರೆ ಹತ್ತು ನಿಮಿಷದಲ್ಲಿ ಅದು ಮಲಗಿ ಹಳೆಯ ಸೆಟ್ಟಿಂಗಿನೊಂದಿಗೆ ಏಳುತ್ತದೆ. ಎಲ್ಲ ಸರಿಯಾಗಿದ್ದರೆ 'ರೀಲೋಡ್ ಕ್ಯಾನ್ಸಲ್' ಹೇಳು, ಆಮೇಲೆ ಸೇವ್ ಮಾಡು. ಕ್ಯಾನ್ಸಲ್ ಮರೆತು ಚಹಾ ಕುಡಿಯಲು ಹೋದವರನ್ನೂ ನೋಡಿದ್ದೇನೆ, ಹೆಸರು ಕೇಳಬೇಡ.

ನಾಳೆ ನಲವತ್ತಕ್ಕೂ ಕೈ ಹಾಕಬೇಡ. ಕಡಿಮೆ ಓಡಾಟದ ಮೂಲೆಯ ಒಂದನ್ನು ಆರಿಸು, ಕ್ರಮ ಮುಗಿಸು, ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದ ಹುಡುಗರನ್ನು ವೈಫೈ ಹೇಗಿದೆ ಎಂದು ಕೇಳು. ಒಂದು ನೋಟ್‌ಬುಕ್ಕಿನಲ್ಲಿ ಯಾವ ಪೆಟ್ಟಿಗೆ, ಯಾವ ಆವೃತ್ತಿ, ಯಾವತ್ತು, ಎಷ್ಟು ಜಾಗ ಉಳಿದಿದೆ ಎಂದು ಬರೆದಿಡು. ಶುಕ್ರವಾರ ಸಂಜೆ, ಶನಿವಾರ ಈ ಕೆಲಸ ಬೇಡ. ಕಾರಣ ಹೇಳಬೇಕಿಲ್ಲವಲ್ಲ.

ಹಾಗಾದರೆ ಹಳೆಯ ಇಮೇಜು ಅಳಿಸುವುದು ಯಾವಾಗ ಎಂದರೆ, ನೀನು ರೀಲೋಡ್ ಹೇಳಿ ಎಬ್ಬಿಸಿದ್ದು ಲೆಕ್ಕಕ್ಕಿಲ್ಲ. ಹೊಸದು ಒಮ್ಮೆ ಕರೆಂಟ್ ಪೂರ್ತಿ ಹೋಗಿ, ಬಂದು, ಯಾರ ಸಹಾಯವೂ ಇಲ್ಲದೆ ತಾನಾಗಿ ಎದ್ದು ನಿಂತದ್ದನ್ನು ನಿನ್ನ ಕಣ್ಣಿನಿಂದ ನೋಡು. ಬೇಕಾದರೆ ನೀನೇ ಪ್ಲಗ್ ಕಿತ್ತು ನೋಡು. ಆಮೇಲೆ ಫೋನ್ ಮಾಡಿ ಕೇಳು, ಹೂಂ ಅನ್ನುತ್ತೇನೆ.

ಊಟ ಸರಿಯಾಗಿ ಮಾಡು.

ನಿನ್ನ
ಚಿಕ್ಕಮ್ಮ